ಮುಷ್ಟಿ ಎತ್ತಿದವನೂ ಪೆಟ್ಟು ತಿಂದವನೂ

ಸ್ಟೀವನ್ ನೈಟ್ ರೂಪಿಸಿದ ‘ಎ ಥೌಸಂಡ್ ಬ್ಲೋಸ್’ ಎಂಬ ಬ್ರಿಟಿಷ್ ಧಾರಾವಾಹಿ 2025ರಲ್ಲಿ ತೆರೆಕಂಡಿತು. ಇಷ್ಟೊಂದು ನೆತ್ತರನ್ನು ಮನೆಯೊಳಗೆ ಕುಳಿತು ನೋಡಬೇಕೆ ಎಂದು ಕೇಳುವವರಿದ್ದಾರೆ. ನೋಡಬಹುದು ಎಂಬುದು ನಮ್ಮ ಮತ. ಆದರೆ ನೋಡಿದ ಮೇಲೆ ನಮ್ಮದೇ ಮಹಾನಗರದ ಕುರಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ ಆ ನೋಟ ಬರಿಯ ಕಾಲಹರಣವಾದೀತು.

ಕತೆ ನಡೆಯುವುದು 1880ರ ದಶಕದ ಲಂಡನ್ನಿನ ಈಸ್ಟ್ ಎಂಡಿನಲ್ಲಿ. ಜಮೈಕಾದಿಂದ ಬಂದ ಹೆಜಕಾಯ ಮಾಸ್ಕೋ ಸಿಂಹಗಳನ್ನು ಪಳಗಿಸುವ ಕೆಲಸದ ಕನಸು ಹೊತ್ತವನು. ಹೊಟ್ಟೆಪಾಡು ಅವನನ್ನು ಬರಿಗೈ ಕಾಳಗದ ಕಣಕ್ಕೆ ತಳ್ಳುತ್ತದೆ. ಅಲ್ಲಿ ಬಹುಕಾಲದಿಂದ ಮೆರೆಯುತ್ತಿರುವ ಶುಗರ್ ಗುಡ್ಸನ್, ಕಳ್ಳಿಯರ ತಂಡದ ಒಡತಿ ಮೇರಿ ಕಾರ್ ಅವನ ದಾರಿಗೆ ಅಡ್ಡ ಬರುತ್ತಾರೆ. ಮೂವರೂ ಚರಿತ್ರೆಯಲ್ಲಿ ಇದ್ದವರೇ. ಇತ್ತ ಸಿರಿವಂತರ ವೆಸ್ಟ್ ಎಂಡಿನಲ್ಲಿ 1867ರ ಕ್ವೀನ್ಸ್‌ಬರಿ ನಿಯಮಗಳ ಮುಷ್ಟಿಯುದ್ಧ ನೆಲೆಯೂರುತ್ತಿದೆ: ಕೈಗೆ ಗವುಸು, ಮೂರು ನಿಮಿಷದ ಸುತ್ತು, ಬಿದ್ದವನಿಗೆ ಏಳಲು ಹತ್ತು ಸೆಕೆಂಡು. ಊರು ಬಿಟ್ಟು ಬಂದವನ ಬಳಿ ಮಾರಲು ಉಳಿದದ್ದು ಮೈಬಲವೊಂದೇ, ಅದರ ಬೆಲೆ ಕಟ್ಟುವವರು ಮಾತ್ರ ಬೇರೆಯವರು ಎಂಬುದನ್ನು ಈ ಧಾರಾವಾಹಿ ಮರೆಮಾಚದೆ ತೋರಿಸುತ್ತದೆ. ಬಡತನಕ್ಕೂ ಚೆಲುವಾದ ಬೆಳಕು ಹಚ್ಚುವ ಚಪಲ ಅದಕ್ಕಿದ್ದರೂ ಈ ಲೆಕ್ಕವನ್ನು ಅದು ತಪ್ಪಿಸುವುದಿಲ್ಲ.

ಕನ್ನಡಿಗರಿಗೆ ಇಂಥ ಕಾಳಗ ಹೊಸದೇನಲ್ಲ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಬಲಗೈಯ ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ಜಟ್ಟಿಗಳು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಆ ಹನಿಗಾಗಿಯೇ ಕಾದಿದ್ದ ಜನ ಅಲ್ಲಿಗೆ ತೃಪ್ತರು. ಕ್ರೌರ್ಯಕ್ಕೂ ಒಂದು ಎಲ್ಲೆ ಇರಬೇಕೆಂಬ ತಿಳಿವಳಿಕೆ ಆ ಆಚರಣೆಯಲ್ಲಿದೆ. ನಮ್ಮ ಕಿರುತೆರೆಯ ಅಪರಾಧ ಕಥನಗಳಾದರೋ ಆ ಮೊದಲ ಹನಿಯಿಂದಲೇ ಆರಂಭವಾಗುತ್ತವೆ.

ಮುಂಬಯಿಯ ಗತಕಾಲವನ್ನು ಕುರಿತ ಧಾರಾವಾಹಿಗಳನ್ನು ನೋಡಿದವರಿಗೆ ಇದು ತಿಳಿದೀತು. 2023ರ ‘ಬಂಬೈ ಮೇರಿ ಜಾನ್’ ಹುಸೇನ್ ಜೈದಿಯವರ ‘ಡೋಂಗ್ರಿ ಟು ದುಬೈ’ ಕೃತಿಯನ್ನು ಆಧರಿಸಿದ್ದು. ಪ್ರಾಮಾಣಿಕನಾದ ಪೊಲೀಸನ ಮಗ ಪಾತಕಿಯಾಗುವ ಅದರ ಕತೆಯಲ್ಲಿ ತಂದೆಯ ಸಂಕಟವಿದೆ. ಕೇ ಕೇ ಮೆನನ್ನರ ಅಭಿನಯ ಮನಸ್ಸನ್ನು ತಟ್ಟುತ್ತದೆ. ಆದರೂ ಕ್ಯಾಮೆರಾದ ವಾಸ ಮುಖ್ಯವಾಗಿ ಪಾತಕಿಯ ಮನೆಯಲ್ಲಿಯೇ. ಅವನ ತಾಯಿ, ಅವನ ಪ್ರೇಮ, ಅವನ ಸೇಡು ಇವೆಲ್ಲ ನಮಗೆ ಪರಿಚಿತವಾಗುತ್ತವೆ. ಹಫ್ತಾ ಕೊಟ್ಟವನು ಇಂಥ ಕತೆಗಳಲ್ಲಿ ಬಂದುಹೋಗುವುದು ಅರೆಗಳಿಗೆ. ನಡುಗುತ್ತಾನೆ, ಕೊಡುತ್ತಾನೆ, ಮರೆಯಾಗುತ್ತಾನೆ.

ಆ ಮರೆಯಾದವನು ಬಹಳ ಸಲ ನಮ್ಮವನೇ ಆಗಿದ್ದ. ದಕ್ಷಿಣ ಕನ್ನಡದಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಕೊನೆಗೊಮ್ಮೆ ಗಲ್ಲದ ಹಿಂದೆ ಕುಳಿತವನು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಬಟ್ಟೆಗಿರಣಿ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸವಿಲ್ಲದ ಮನೆಗಳ ಕೆಲವು ಮಕ್ಕಳು ಗ್ಯಾಂಗುಗಳ ಕೈಗೆ ಸಿಕ್ಕರು. ಹೋಟೆಲಿನವನ ಬಾಗಿಲಿಗೆ ಬಂದು ನಿಂತವನೂ ಹಾಗೆ ಸಿಕ್ಕ ಹುಡುಗನೇ ಆಗಿದ್ದಿರಬಹುದು. ಇಬ್ಬರೂ ದುಡಿಮೆಯ ಮಕ್ಕಳು. ಇವರಿಬ್ಬರ ಮುಖಾಮುಖಿಯಲ್ಲಿರುವ ದುರಂತವು ಯಾವ ಪಾತಕಿಯ ಏಳುಬೀಳಿಗಿಂತಲೂ ದೊಡ್ಡದು.

ಕನ್ನಡ ಸಾಹಿತ್ಯ ಈ ಕಡೆ ಕಣ್ಣು ಹಾಯಿಸಿಲ್ಲವೆನ್ನಲಾಗದು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಲೋಕವನ್ನು ಒಳಗಿನಿಂದ ಕಂಡಿತು. 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ಯಾರೂ ಕೈ ಎತ್ತಬೇಕಾಗಿಲ್ಲ, ಕಚೇರಿಯ ಕಾಗದಗಳೇ ಒಬ್ಬ ಮನುಷ್ಯನನ್ನು ಬೇಟೆಯಾಡುತ್ತವೆ. ಜಯಂತ ಕಾಯ್ಕಿಣಿಯವರ ‘ತೂಫಾನ್ ಮೇಲ್’ ಕತೆ ಸಿನೆಮಾದ ಸಾಹಸಗಾರನದು, ಪರದೆಯ ಮೇಲೆ ಇನ್ನೊಬ್ಬನದಾಗುವ ಪೆಟ್ಟನ್ನು ತನ್ನ ಮೈಮೇಲೆ ಹೊರುವವನದು. ಮೂವರೂ ಪೆಟ್ಟು ಬಿದ್ದ ಮೈಯ ಬಳಿ ನಿಂತು ಬರೆದವರು. ನಮ್ಮ ಕಿರುತೆರೆ ಕಲಿಯಬೇಕಾದ ಪಾಠ ಇಲ್ಲಿದೆ.

ಹಿಂಸೆಯನ್ನು ತೋರಿಸಬಾರದೆಂದು ನಾವು ಹೇಳುತ್ತಿಲ್ಲ. ಹೊಡೆತದ ಸದ್ದು ಅಡಗಿದ ಮೇಲೂ ಕ್ಯಾಮೆರಾ ತುಸು ಹೊತ್ತು ಅಲ್ಲಿಯೇ ನಿಲ್ಲಲಿ. ಮುರಿದ ಬೆರಳಿನವನು ಮರುದಿನ ಕೆಲಸಕ್ಕೆ ಹೇಗೆ ಹೋದ, ಕಪ್ಪ ಕೊಟ್ಟವನು ಊರಿನ ಮನೆಗೆ ಆ ತಿಂಗಳು ಏನು ಬರೆದ ಎಂಬುದೂ ಕತೆಯಾಗಲಿ ಎನ್ನುತ್ತೇವೆ. ಅದಕ್ಕೆ ಬೇಕಾದ ಸಾಮಗ್ರಿ ದೂರವೇನಿಲ್ಲ. ಬೊರಿವಲಿಯಿಂದ ಕೋಟೆಯವರೆಗೆ ರೈಲು ಹತ್ತಿ ಇಳಿದು ಬದುಕು ಸವೆಸಿದ ಹಿರಿಯರು ಈಗ ಎಂಬತ್ತರ ಆಚೀಚೆ ಇದ್ದಾರೆ. ಯಾರಿಗೆ ಎಷ್ಟು ಕೊಟ್ಟೆವೆಂಬುದನ್ನು ಅವರು ಮಕ್ಕಳೆದುರೂ ಬಾಯಿಬಿಟ್ಟು ಆಡಿದವರಲ್ಲ. ಭಯದಿಂದ ಆರಂಭವಾದ ಆ ಮೌನ ಬರಬರುತ್ತ ಮರ್ಯಾದೆಯಾಗಿ ಗಟ್ಟಿಗೊಂಡಿದೆ. ಅವರ ಹೆಸರುಗಳನ್ನು ಕಾಪಾಡಿಕೊಂಡೇ ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಈ ನಗರದ ಕನ್ನಡ ಬರಹಗಾರರು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.