ತಂಪು ಬೇರೆ, ತಡೆ ಬೇರೆ

ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಲೇಪನ ತಯಾರಿಸುವ ಸಡಗರ. ಶ್ರೀಗಂಧ ತೇಯುವವರು ಕೆಲವರು, ಲೋಳೆಸರ ಸೀಳಿ ತಿರುಳು ತೆಗೆಯುವವರು ಕೆಲವರು. ಕೊಬ್ಬರಿ ಎಣ್ಣೆಗೆ ಜಿಂಕ್ ಆಕ್ಸೈಡ್ ಪುಡಿ ಬೆರೆಸಿ ‘ಮನೆಯಲ್ಲೇ ಸನ್‌ಸ್ಕ್ರೀನ್’ ಮಾಡುವವರೂ ಉಂಟು. ಕ್ರಿಕೆಟ್ ಶಿಬಿರಕ್ಕೆ ಹೊರಟ ಮಗನಿಗೆ ಇದನ್ನು ಹಚ್ಚಿ ಕಳಿಸಿದರೆ ತಾಯಿಗೊಂದು ನೆಮ್ಮದಿ. ಈ ನೆಮ್ಮದಿ ಎಷ್ಟು ಸರಿ?

ಬಿಸಿಲೆಂದರೆ ಬರೀ ಬೆಳಕು, ಕಾವು ಅಷ್ಟೇ ಅಲ್ಲ. 1801ರಲ್ಲಿ ಜರ್ಮನಿಯ ವಿಜ್ಞಾನಿ ರಿಟರ್, ಸಿಲ್ವರ್ ಕ್ಲೋರೈಡ್ ಎಂಬ ಲವಣ ನೇರಳೆ ಬಣ್ಣದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಇನ್ನೂ ಬೇಗ ಕಪ್ಪಾಗುವುದನ್ನು ಕಂಡರು. ಅದೇ ಅತಿನೇರಳೆ ಕಿರಣ. ಇದರಲ್ಲಿ ‘ಬಿ’ ಬಗೆಯದು ಚರ್ಮವನ್ನು ಸುಡುತ್ತದೆ. ‘ಎ’ ಬಗೆಯದು ಇನ್ನೂ ಆಳಕ್ಕಿಳಿದು ಬೇಗ ಸುಕ್ಕು ತರುತ್ತದೆ. ಎರಡೂ ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಲ್ಲವು. ತಂಗಾಳಿ ಬೀಸುವಾಗಲೂ, ತೆಳು ಮೋಡವಿದ್ದಾಗಲೂ ಇವು ನಮ್ಮನ್ನು ತಲುಪುತ್ತವೆ.

ಗಂಧ, ಲೋಳೆಸರ ಚರ್ಮಕ್ಕೆ ತಂಪು ಕೊಡುತ್ತವೆ, ನಿಜ. ಆದರೆ ಕಾವು ತಗ್ಗಿದ ಮಾತ್ರಕ್ಕೆ ಅತಿನೇರಳೆ ಕಿರಣ ನಿಲ್ಲುವುದಿಲ್ಲ. ಉರಿಯೇ ಗೊತ್ತಾಗದೆ ಹುಡುಗರು ಇನ್ನೊಂದು ಗಂಟೆ ಬಯಲಲ್ಲಿ ಉಳಿಯುತ್ತಾರೆ, ಅಪಾಯ ಇರುವುದು ಅಲ್ಲಿ. ಕೊಬ್ಬರಿ ಎಣ್ಣೆಗೆ ಕಿರಣ ತಡೆಯುವ ಶಕ್ತಿ ಅತ್ಯಲ್ಪ. ಜಿಂಕ್ ಆಕ್ಸೈಡ್‌ಗೆ ಆ ಶಕ್ತಿ ಇದೆ. ಆದರೆ ಚಮಚದಲ್ಲಿ ಕಲಸಿದಾಗ ಪುಡಿ ಗಂಟುಗಂಟಾಗಿ ಉಳಿದು, ಹಚ್ಚಿದಾಗ ಒಂದೆಡೆ ದಪ್ಪ, ಇನ್ನೊಂದೆಡೆ ಖಾಲಿ. ಈ ಖಾಲಿ ಜಾಗ ಕಣ್ಣಿಗೆ ಕಾಣುವುದಿಲ್ಲ, ಮನೆಯಲ್ಲಿ ಪರೀಕ್ಷಿಸುವ ದಾರಿಯೂ ಇಲ್ಲ. ಅಂಗಡಿಯ ಟ್ಯೂಬಿನ ಮೇಲಿನ ‘ಎಸ್‌ಪಿಎಫ್ 30’ ಎಂಬುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಹಚ್ಚಿ, ಪ್ರಯೋಗಾಲಯದಲ್ಲಿ ಅಳೆದು ಕೊಟ್ಟ ಸಂಖ್ಯೆ.

ಇನ್ನು ನಿಂಬೆರಸವನ್ನಂತೂ ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗಲೇಬಾರದು. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಕಿದೊಡನೆ ಕೆರಳಿ, ಬೊಬ್ಬೆ ಎಬ್ಬಿಸಿ, ತಿಂಗಳುಗಟ್ಟಲೆ ಉಳಿಯುವ ಕಲೆ ಮಾಡಬಲ್ಲವು. ‘ಕಪ್ಪಾಗುತ್ತೀಯೆ’ ಎಂಬ ಹಿರಿಯರ ಮಾತಿಗೆ ಹೆದರಿ ಹೆಣ್ಣುಮಕ್ಕಳು ಇಂಥದ್ದಕ್ಕೆ ಕೈಹಾಕುವುದುಂಟು. ಕಪ್ಪಾಗುವುದು ರೋಗವಲ್ಲ. ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚಿಸಿಕೊಂಡು ಚರ್ಮ ತನ್ನನ್ನು ತಾನೇ ಕಾಪಾಡಿಕೊಳ್ಳುವ ರೀತಿ ಅದು. ಚಿಂತಿಸಬೇಕಾದ್ದು ಬಣ್ಣದ ಬಗ್ಗೆಯಲ್ಲ, ಸುಡುವುದರ ಬಗ್ಗೆ.

ಹಾಗಾದರೆ ಮನೆಯಲ್ಲಿ ಏನೂ ಇಲ್ಲವೆ? ಇದೆ. ಒತ್ತಾಗಿ ನೇಯ್ದ ಬಟ್ಟೆಯ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ. ಜೊತೆಗೆ ಕಾಸು ಖರ್ಚಿಲ್ಲದ ಒಂದು ಅಳತೆಗೋಲು, ನಿಮ್ಮದೇ ನೆರಳು! ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಪ್ರಬಲ, ಮರದಡಿ ಸೇರಿ. ಉದ್ದವಾಗಿದ್ದರೆ ಆಡಲು ಒಳ್ಳೆಯ ಹೊತ್ತು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಡುಹಗಲಲ್ಲಿ ನೆತ್ತಿಯ ಮೇಲೇ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಅಂದು ಅಂಗಳದಲ್ಲಿ ಕೋಲು ನೆಟ್ಟು ಗಂಟೆಗೊಮ್ಮೆ ನೆರಳು ಅಳೆದು ಬರೆದಿಡಿ, ಆಟದ ವೇಳಾಪಟ್ಟಿ ತಾನೇ ಸಿದ್ಧವಾಗುತ್ತದೆ. ಶಾಲೆಯ ಕ್ರೀಡಾ ತಾಲೀಮನ್ನು ನಡುಹಗಲಿನ ಬದಲು ಬೆಳಗ್ಗೆ ಇಡಿ ಎಂದು ಕೇಳಲು ಪೋಷಕರಿಗೂ ಒಂದು ಆಧಾರ ಸಿಗುತ್ತದೆ.

ಬಿಸಿಲಲ್ಲಿ ಇರಲೇಬೇಕಾದವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ, ‘ಎ’ ಮತ್ತು ‘ಬಿ’ ಎರಡನ್ನೂ ತಡೆಯುವ ಸನ್‌ಸ್ಕ್ರೀನ್ ಕೊಂಡು, ಧಾರಾಳವಾಗಿ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಹೆಚ್ಚಿದ್ದರೆ ಇನ್ನೂ ಬೇಗ.

ಗಂಧದ ಕೊರಡನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಸಂಜೆ ಮನೆ ಸೇರಿದ ಮೇಲೆ ತಂಪಿಗೆ ಗಂಧ ಇರಲಿ, ಮಧ್ಯಾಹ್ನಕ್ಕೆ ಮಾತ್ರ ಕೊಡೆಯೇ ಬೇಕು.