ಯುನೆಸ್ಕೋ ನಮ್ಮದು, ಮಾನವ ಹಕ್ಕು ಮಾತ್ರ ಫಾರಿನ್ನೇ?

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಾಸನ ಜಿಲ್ಲೆಯವರಿಗೆಲ್ಲ ಹೆಮ್ಮೆಯೋ ಹೆಮ್ಮೆ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇದಾಗಿ ತಿಂಗಳು ತುಂಬುವ ಹೊತ್ತಿಗೆ, ಅಕ್ಟೋಬರ್ 17ರಂದು, ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ, ನಮ್ಮದಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಆಗ ಅರಸೀಕೆರೆ ಕಡೆ ನನ್ನ ಕಿವಿಗೆ ಬಿದ್ದ ಮಾತು: "ಅದೆಲ್ಲ ಫಾರಿನ್ ಸಂಸ್ಕೃತಿ ಕಣ್ರೀ, ನಮಗ್ಯಾಕೆ?"

ಅಲ್ಲ ಸ್ವಾಮಿ, ವಿಶ್ವಸಂಸ್ಥೆಯ ಒಂದು ಅಂಗ ನಮ್ಮ ಕಲ್ಲುಗಳನ್ನು ಹೊಗಳಿದರೆ ನಮ್ಮ ಹೆಮ್ಮೆ, ಇನ್ನೊಂದು ಅಂಗ ನಮ್ಮ ಮನುಷ್ಯರ ಬಗ್ಗೆ ಮಾತಾಡಿದರೆ ಪರಕೀಯವೇ?

ನಿಜಕ್ಕೂ ಫಾರಿನ್ ಯಾವುದು ಅಂತ ನೋಡೋಣ. ಸಲಿಂಗ ಸಂಬಂಧಕ್ಕೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದಾಗಿದ್ದ 377ನೇ ಕಲಮನ್ನು 1860ರಲ್ಲಿ ನಮಗೆ ಕೊಟ್ಟವರು ಬ್ರಿಟಿಷರು. ಇಂಥದೇ ಕಾನೂನು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲೂ ಇತ್ತು. ನಿಕೊಲಾಸ್ ಟೂನೆನ್ ಎಂಬಾತ ಅದರ ವಿರುದ್ಧ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟ. ಆತನ ಮೇಲೆ ಯಾರೂ ಕೇಸು ಹಾಕಿರಲಿಲ್ಲ. ಆದರೂ ಅಂಥ ಕಾನೂನು ಇರುವುದೇ ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಎಂದು ಸಮಿತಿ 1994ರಲ್ಲಿ ತೀರ್ಮಾನಿಸಿತು. ನೈತಿಕತೆ ನಮ್ಮ ಮನೆಯೊಳಗಿನ ವಿಷಯ, ಹೊರಗಿನವರು ಕೇಳುವಂತಿಲ್ಲ ಎಂಬ ವಾದವನ್ನೂ ಅದು ಒಪ್ಪಲಿಲ್ಲ.

ಆ ಸಮಿತಿ ಆಧಾರವಾಗಿಟ್ಟುಕೊಂಡದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು. ಅದನ್ನು ಭಾರತ 1979ರಲ್ಲೇ ಒಪ್ಪಿಕೊಂಡಿದೆ. ಯಾರೂ ನಮ್ಮ ಮೇಲೆ ಹೇರಿದ್ದಲ್ಲ. ಆದರೆ ವ್ಯಕ್ತಿಗಳು ಸಮಿತಿಗೆ ನೇರವಾಗಿ ದೂರು ಕೊಡಲು ಅವಕಾಶ ಮಾಡಿಕೊಡುವ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಟೂನೆನ್‌ಗೆ ತೆರೆದ ಬಾಗಿಲು ಅರಸೀಕೆರೆಯ ಹುಡುಗನಿಗೆ ಇಲ್ಲ. ಅವನಿಗಿರುವುದು ನಮ್ಮ ಕೋರ್ಟುಗಳೇ.

ಆ ಕೋರ್ಟುಗಳ ದಾರಿಯೂ ನೇರವಾಗಿರಲಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹೈಕೋರ್ಟು ವಿದೇಶಿ ತೀರ್ಪುಗಳನ್ನು ಅತಿಯಾಗಿ ನೆಚ್ಚಿಕೊಂಡಿದೆ ಎಂಬುದೂ ಅದರ ಆಕ್ಷೇಪಗಳಲ್ಲೊಂದು. ನೋಡಿ, ಅಲ್ಲೂ "ಫಾರಿನ್" ವಾದವೇ! ದಾರಿ ಮತ್ತೆ ತೆರೆದದ್ದು ಒಬ್ಬ ಕನ್ನಡಿಗರ ಹೆಸರಿನ ಮೊಕದ್ದಮೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು. ಲೈಂಗಿಕ ಒಲವೂ ಅದರೊಳಗೇ ಬರುತ್ತದೆ ಎಂದು ನ್ಯಾಯಮೂರ್ತಿಗಳು ಬರೆದರು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದು ತೀರ್ಮಾನವಾಯಿತು.

ಇಲ್ಲಿ ನಮ್ಮ ಕಡೆಯ ಕೆಲವರು ಇನ್ನೊಂದು ವಾದ ಹೂಡುತ್ತಾರೆ. ಬೇಲೂರಿನ ಕಂಬದಲ್ಲಿ ಮೋಹಿನಿ ಇದ್ದಾಳೆ, ವಿಷ್ಣುವೇ ಹೆಣ್ಣಾದ, ನಮ್ಮ ಹಿರಿಯರು ಎಷ್ಟು ಉದಾರಿಗಳು ನೋಡಿ, ಅಂತ. ಕೇಳಲು ಚೆನ್ನಾಗಿದೆ. ಆದರೆ ನನಗೆ ಇದು ಒಪ್ಪಿಗೆಯಿಲ್ಲ. ಶಿಲ್ಪಿ ಕೆತ್ತಿದ್ದಾನೆ ಅಂತ ಹಕ್ಕು ಕೊಡುವುದಾದರೆ, ಅವನು ಕೆತ್ತದೇ ಇದ್ದಿದ್ದರೆ ಕೊಡುತ್ತಿರಲಿಲ್ಲವೇ? ಮನುಷ್ಯನ ಘನತೆಗೆ ಕಲ್ಲಿನ ಸಾಕ್ಷಿ ಬೇಕಾಗಿಲ್ಲ.

ಬೇಕಿದ್ದರೆ ಅರಸೀಕೆರೆಯ ಈಶ್ವರ ದೇವಾಲಯವನ್ನೇ ನೋಡಿ. ಸುಮಾರು 1220ರ ಕಾಲದ್ದು, ಅದರ ನಕ್ಷತ್ರಾಕಾರದ ಮಂಟಪ ನೋಡಲು ಎರಡು ಕಣ್ಣು ಸಾಲದು. ಯುನೆಸ್ಕೋ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹಾಗಂತ ಅದು ಹೊಯ್ಸಳರದ್ದಲ್ಲ ಅನ್ನುತ್ತೀರಾ? ಒಡಂಬಡಿಕೆಯಲ್ಲೂ "ಲೈಂಗಿಕ ಒಲವು" ಎಂಬ ಪದವಿಲ್ಲ. ಅದರಲ್ಲಿರುವ "ಲಿಂಗ" ಎಂಬ ಪದದಲ್ಲೇ ಇದೂ ಸೇರಿದೆ ಎಂದು ಸಮಿತಿ 1994ರಲ್ಲಿ ಓದಿ ಹೇಳಿತು. ಪಟ್ಟಿಯಲ್ಲಿ ಹೆಸರು ಬರೆದಾಗ ಹಕ್ಕು ಹುಟ್ಟುವುದಿಲ್ಲ, ಮೊದಲೇ ಇದ್ದದ್ದು ಕಾಣುತ್ತದೆ ಅಷ್ಟೇ.

ಉಳಿದಿರುವ ಕೆಲಸ ದೊಡ್ಡದು. ಲೈಂಗಿಕ ಒಲವಿನ ಕಾರಣಕ್ಕೆ ನಡೆಯುವ ಹಿಂಸೆ, ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ 2014ರಲ್ಲೂ 2016ರಲ್ಲೂ ನಿರ್ಣಯ ಬಂದಾಗ ಭಾರತ ಮತ ಹಾಕದೆ ಕೂತಿತು. 2024ರ ಆಗಸ್ಟ್‌ನಲ್ಲಿ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಸಂತೋಷ. ಆದರೆ ಇಪ್ಪತ್ತು ವರ್ಷ ಜೊತೆಗಿದ್ದರೂ, ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಇನ್ನೊಬ್ಬರಿಗೆ ಆಸ್ತಿಯಲ್ಲಿ ವಾರಸುದಾರಿಕೆ ಇಲ್ಲ. ಅಪರಾಧಿಯಲ್ಲ ಅನ್ನುವುದಕ್ಕೂ ಸಮಾನ ಅನ್ನುವುದಕ್ಕೂ ನಡುವೆ ಇಷ್ಟು ಅಂತರವಿದೆ.

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವ ಎಲ್ಲರೂ ಕೆಲಸ ಹುಡುಕಿಕೊಂಡೇ ಹೋಗುವುದಿಲ್ಲ ಗೆಳೆಯರೇ. ಊರಿನಲ್ಲಿ ತಾವು ತಾವಾಗಿ ಇರಲಾಗದೆ ಹೋಗುವವರೂ ಇರುತ್ತಾರೆ. ಕಲ್ಲಿನ ದೇಗುಲಗಳನ್ನು ಒಂಬೈನೂರು ವರ್ಷ ಉಳಿಸಿಕೊಂಡ ಸೀಮೆ ನಮ್ಮದು. ನಮ್ಮದೇ ಮಕ್ಕಳನ್ನು ಊರಲ್ಲಿ ಉಳಿಸಿಕೊಳ್ಳುವುದು ಅಷ್ಟು ಕಷ್ಟವೇ?

ನೀವೇನಂತೀರಿ?