ಬೆಳ್ಳಿಯ ನೀರೂ ಮನೆಯ ಪರೀಕ್ಷೆಯೂ

ಬೆಳ್ಳಿಯ ಮೇಲೆ ನಮ್ಮ ಜನರಿಗಿರುವ ವಿಶ್ವಾಸವು ಬಹು ಹಳೆಯದು. ಹಸುಗೂಸಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಕುಡಿಸುವ ಪದ್ಧತಿಯು ಕನ್ನಡದ ಮನೆಗಳಲ್ಲಿ ಇಂದಿಗೂ ಉಂಟು. ಆದರೆ ಬೆಳ್ಳಿಯ ಪಾತ್ರೆಯಲ್ಲಿ ಕುಡಿಯುವುದು ಬೇರೆ, ಬೆಳ್ಳಿಯನ್ನೇ ಕುಡಿಯುವುದು ಬೇರೆ. ಅಮೆರಿಕದಲ್ಲಿ ಅನೇಕರು ಭಟ್ಟಿಯಿಳಿಸಿದ ನೀರಿನಲ್ಲಿ ಎರಡು ಬೆಳ್ಳಿಯ ತಂತಿಗಳನ್ನು ಇಳಿಬಿಟ್ಟು, ಬ್ಯಾಟರಿಯ ವಿದ್ಯುತ್ತನ್ನು ಹರಿಸಿ, ಹಾಗೆ ದೊರೆತ ನೀರನ್ನು 'ಕಲಿಲ ಬೆಳ್ಳಿ'ಯೆಂದು ಕರೆದು ಸರ್ವರೋಗಗಳಿಗೂ ಸೇವಿಸುತ್ತ ಬಂದಿರುವರು. ಇಂತಹ ವಿದ್ಯೆಯು ಕಡಲನ್ನು ದಾಟಿ ಬರಲು ಈಗ ಹಡಗು ಬೇಕಾಗಿಲ್ಲ. ಆದುದರಿಂದ ವಾಚಕರೊಡನೆ ಈ ವಿಷಯವನ್ನು ವಿಚಾರ ಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ತಾವು ಪರೀಕ್ಷಿಸಿಯೇ ಕುಡಿಯುತ್ತೇವೆಂದು ತಯಾರಕರು ಹೇಳುವರು. ಆ ಪರೀಕ್ಷೆಗಳಾವುವು? ಮೊದಲನೆಯದು, ನೀರಿನೊಳಗೆ ಬೆಳಕಿನ ಕಿರಣವನ್ನು ಹಾಯಿಸಿ ಅದರ ಜಾಡನ್ನು ನೋಡುವುದು. ಟಿಂಡಲ್ ಪರಿಣಾಮವೆಂಬ ಇದು ನೀರಿನಲ್ಲಿ ಸೂಕ್ಷ್ಮ ಕಣಗಳಿವೆಯೆಂದಷ್ಟೇ ತಿಳಿಸುತ್ತದೆ. ಹನಿ ಹಾಲು ಬೆರೆತ ನೀರಿನಲ್ಲಿಯೂ ಅದೇ ಜಾಡು ಕಾಣುವುದು. ಎರಡನೆಯದು, ವಿದ್ಯುದ್ವಾಹಕತೆಯನ್ನು ಅಳೆಯುವ ಚಿಕ್ಕ ಯಂತ್ರ. ಅದಕ್ಕೆ ಗೋಚರಿಸುವುದು ನೀರಿನಲ್ಲಿ ಕರಗಿರುವ ಅಯಾನುಗಳು ಮಾತ್ರ. ಬೆಳ್ಳಿಯ ಕಣಗಳು ಅದರ ಲೆಕ್ಕಕ್ಕೆ ಬಾರವು. ಮೂರನೆಯದು, ಚಿಟಿಕೆ ಉಪ್ಪು. ಉಪ್ಪು ಬೀಳಲು ನೀರು ಬೆಳ್ಳಗೆ ಕದಡಿದರೆ ಅದು ಸಿಲ್ವರ್ ಕ್ಲೋರೈಡು. ಅಂದರೆ ಆ ನೀರಿನಲ್ಲಿ ಕಲಿಲಕ್ಕಿಂತ ಬೇರೆಯಾದ ಅಯಾನಿಕ ಬೆಳ್ಳಿಯಿದೆಯೆಂದು ಅರ್ಥ. ಬೆಳ್ಳಿಯ ಒಟ್ಟು ಪ್ರಮಾಣವನ್ನು ಅರಿಯಲು ಪರಮಾಣು ಹೀರಿಕೆಯ ರೋಹಿತಮಾಪನವೂ, ಕಣಗಳ ಗಾತ್ರವನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಬೇಕು. ಇವು ಅಡಿಗೆಮನೆಯ ಉಪಕರಣಗಳಲ್ಲ.

ಆದರೂ ಫ್ಯಾರಡೆಯ ನಿಯಮದಿಂದ ಒಂದು ಅಂದಾಜನ್ನು ಯಾರೂ ಮಾಡಬಹುದು. ಒಂದು ಕೂಲಂಬ್ ವಿದ್ಯುತ್ತು ೧.೧೧೮ ಮಿಲಿಗ್ರಾಂ ಬೆಳ್ಳಿಯನ್ನು ಬಿಡಿಸುತ್ತದೆ. ಒಂದು ಮಿಲಿಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದರೆ ಹೆಚ್ಚೆಂದರೆ ೪ ಮಿಲಿಗ್ರಾಂ ಬೆಳ್ಳಿಯು ನೀರಿಗಿಳಿಯುವುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹಾಕಿರುವ ಮಿತಿಯು ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ೫ ಮೈಕ್ರೋಗ್ರಾಂ. ೬೦ ಕಿಲೋಗ್ರಾಂ ತೂಕದವನಿಗೆ ೦.೩ ಮಿಲಿಗ್ರಾಂ. ಮೇಲ್ಕಂಡ ಬೆಳ್ಳಿಯು ಒಂದು ಲೀಟರ್ ನೀರಿನಲ್ಲಿದ್ದರೆ ಕೇವಲ ೭೫ ಮಿಲಿಲೀಟರಿಗೆ ಆ ಮಿತಿಯು ಮುಗಿಯುವುದು. ಇದಲ್ಲದೆ, ಅಯಾನುಗಳು ಹೆಚ್ಚಿದಂತೆ ಪ್ರವಾಹವೂ ಹೆಚ್ಚುವುದರಿಂದ, ಪ್ರವಾಹವನ್ನು ನಿಯಂತ್ರಿಸದೆ ಗಡಿಯಾರವನ್ನು ಮಾತ್ರ ನೋಡುವವನಿಗೆ ತಾನು ಎಷ್ಟು ಕುಡಿದೆನೆಂಬುದು ತಿಳಿಯುವಂತಿಲ್ಲ.

ಮಿತಿ ಮೀರಿದರೆ ಆಗುವುದೇನು? ಬೆಳ್ಳಿಯು ಚರ್ಮದಲ್ಲಿ ನೆಲೆಸಿ, ಬಿಸಿಲಿಗೆ ಕಪ್ಪಡರಿ, ಮೈಬಣ್ಣವನ್ನು ಬೂದುನೀಲಿಯಾಗಿ ಮಾಡುವುದು. ಆರ್ಜಿರಿಯಾ ಎಂಬ ಈ ವಿಕಾರವು ಸಾಮಾನ್ಯವಾಗಿ ಜೀವಮಾನವಿಡೀ ಅಳಿಯದು. ಮೊಂಟಾನಾ ಸಂಸ್ಥಾನದ ಸ್ಟಾನ್ ಜೋನ್ಸ್ ಎಂಬವರು, ೨೦೦೦ದ ವರ್ಷವು ಹುಟ್ಟುವಾಗ ಗಣಕಯಂತ್ರಗಳು ಕೆಟ್ಟು ಔಷಧಗಳು ದೊರೆಯದೆ ಹೋದಾವೆಂದು ಅಂಜಿ, ೧೯೯೯ರಲ್ಲಿ ಮನೆಯಲ್ಲಿಯೇ ಈ ನೀರನ್ನು ತಯಾರಿಸಿ ಕುಡಿಯತೊಡಗಿದರು. ೨೦೦೨ರಲ್ಲಿ ಅವರು ಸೆನೆಟ್ಟಿನ ಚುನಾವಣೆಗೆ ನಿಂತಾಗ ಜಗತ್ತು ಕಂಡುದು ಅವರ ನೀಲಿ ಮುಖವನ್ನು. ಅಂಜಿದ ವಿಪತ್ತು ಬರಲಿಲ್ಲ. ಅದಕ್ಕೆಂದು ಮಾಡಿದ ಮದ್ದಿನ ಗುರುತು ಮಾತ್ರ ಉಳಿಯಿತು. ಬೆಳ್ಳಿಯು ಥೈರಾಯ್ಡಿನ ಔಷಧವನ್ನೂ ಕೆಲವು ಪ್ರತಿಜೈವಿಕಗಳನ್ನೂ ದೇಹವು ಹೀರದಂತೆ ತಡೆಯಬಲ್ಲುದೆಂಬುದೂ ನೆನಪಿನಲ್ಲಿರಬೇಕು.

ಬೆಳ್ಳಿಯು ಕ್ರಿಮಿನಾಶಕವಲ್ಲವೇ ಎಂದು ಕೇಳುವರು. ಅಹುದು, ಸುಟ್ಟ ಗಾಯಗಳಿಗೆ ವೈದ್ಯರು ಬೆಳ್ಳಿಯ ಮುಲಾಮನ್ನು ಹಚ್ಚುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಅಳತೆಯುಳ್ಳ, ಹೊರಗೆ ಹಚ್ಚುವ, ವೈದ್ಯನ ಕಣ್ಣಿನಡಿಯಲ್ಲಿರುವ ಔಷಧ. ಸೇವಿಸುವ ಕಲಿಲ ಬೆಳ್ಳಿಯಾದರೋ ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಮನ್ನಣೆ ಪಡೆದಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೯೯ರಲ್ಲಿಯೇ ಸಾರಿತು. ೨೦೨೦ರ ಮಾರ್ಚಿಯಲ್ಲಿ, ಹೊಸ ಸಾಂಕ್ರಾಮಿಕಕ್ಕೂ ಇದೇ ಮದ್ದೆಂದು ಮಾರಿದವರಿಗೆ ಎಚ್ಚರಿಕೆಯ ಪತ್ರಗಳನ್ನು ಬರೆಯಬೇಕಾಯಿತು.

ಸ್ವಾವಲಂಬನವು ಶ್ರೇಷ್ಠವಾದ ಗುಣ; ತನ್ನ ಕೈಯಿಂದ ಮಾಡಿ, ತಾನೇ ಪರೀಕ್ಷಿಸಬೇಕೆಂಬ ಹಂಬಲವನ್ನು ನಾವು ಹಳಿಯಲಾರೆವು. ಆದರೆ ತನ್ನ ಉಪಕರಣವು ಯಾವುದನ್ನು ಅಳೆಯಲಾರದೆಂಬುದನ್ನು ಅರಿಯುವುದೂ ಸ್ವಾವಲಂಬನದ ಭಾಗವೇ ಆಗಿದೆ. ಪ್ರಯೋಗಶಾಲೆಯು ಬೆಳ್ಳಿಯ ಪ್ರಮಾಣವನ್ನು ನಿಖರವಾಗಿ ಹೇಳಿತೆಂದೇ ಇಟ್ಟುಕೊಳ್ಳೋಣ. ಅದು ದ್ರವದ ಗುಣಮಟ್ಟವನ್ನು ಹೇಳಿದಂತಾಯಿತೇ ಹೊರತು, ಅದನ್ನು ಕುಡಿದರೆ ರೋಗ ಹೋಗುವುದೆಂದು ಹೇಳಿದಂತಾಗಲಿಲ್ಲ. ಲಾಭವು ಸಿದ್ಧವಾಗದ, ಹಾನಿಯು ಅಳಿಸಲಾಗದ ಪದಾರ್ಥವನ್ನು ಯಾರೂ, ವಿಶೇಷವಾಗಿ ಮಕ್ಕಳೂ ಗರ್ಭಿಣಿಯರೂ, ಕುಡಿಯಬಾರದೆಂದು ನಾವು ಒತ್ತಿ ಹೇಳುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದರು. ಬೆಳ್ಳಿಯಿರುವುದೆಲ್ಲ ಮದ್ದಲ್ಲವೆಂದು ನಾವು ಅದಕ್ಕೆ ಸೇರಿಸಿಕೊಳ್ಳಬೇಕಾಗಿದೆ.